ಸೂಲಿಬೆಲೆಯಿಂದ ಎಂ.ಜಿ. ರಸ್ತೆಗೆ ಮೂರು ಟಿಕೆಟ್

ಸೂಲಿಬೆಲೆಯಿಂದ ಬೆಂಗಳೂರಿನ ಎಂ.ಜಿ. ರಸ್ತೆ ತಲುಪಲು ನಮಗೆ ಮೂರು ಟಿಕೆಟ್ ಬೇಕು. ಹೊಸಕೋಟೆಗೆ ಒಂದು ಬಸ್, ಅಲ್ಲಿಂದ ಕೆ.ಆರ್. ಪುರಕ್ಕೆ ಇನ್ನೊಂದು, ತೂಗುಸೇತುವೆಯ ಹತ್ತಿರ ಇಳಿದು ಮೆಟ್ರೊ. 2023ರ ಅಕ್ಟೋಬರ್‌ನಲ್ಲಿ ಬೈಯಪ್ಪನಹಳ್ಳಿ–ಕೆ.ಆರ್. ಪುರ ಮಾರ್ಗ ತೆರೆದ ಮೇಲೆ ನಮ್ಮ ಕಡೆಯವರಿಗೆ ಎಷ್ಟೋ ಅನುಕೂಲವಾಯಿತು. ಹಣ ಕೊಡುವ ರೀತಿ ಮಾತ್ರ ಮೂರು ಕಡೆ ಮೂರು ಥರ. ಈ ದಾರಿಯಲ್ಲಿ ಓಡಾಡುತ್ತಾ ನನಗೆ ಮನವರಿಕೆಯಾದದ್ದು ಇಷ್ಟು: ಹೊಸ ಯಂತ್ರ ತಂದರೆ ಸಾಲದು, ಅದು ಬಸ್ಸಿನ ನೂಕುನುಗ್ಗಲಿಗೆ ಒಗ್ಗಬೇಕು, ಒಂದು ಕಡೆ ನಡೆಯುವ ಕಾರ್ಡು ಮುಂದಿನ ಗಾಡಿಯಲ್ಲೂ ನಡೆಯಬೇಕು.

ಮೊದಲಿನಿಂದಲೂ ದೊಡ್ಡ ತಾಪತ್ರಯ ಚಿಲ್ಲರೆಯದು. ನೂರರ ನೋಟು ಕೊಟ್ಟರೆ ಕಂಡಕ್ಟರ್ ಬಾಕಿಯನ್ನು ಟಿಕೆಟ್ ಹಿಂದೆ ಬರೆದು, “ಇಳಿಯೋವಾಗ ಇಸ್ಕೊಳ್ಳಿ” ಎನ್ನುತ್ತಾರೆ. ಇಳಿಯುವ ಹೊತ್ತಿಗೆ ಅವರು ಬಸ್ಸಿನ ಆ ತುದಿಯಲ್ಲಿ, ನಾವು ಈ ತುದಿಯಲ್ಲಿ. ಸೊಪ್ಪಿನ ಗಂಟು ಇಳಿಸುವ ಅವಸರದಲ್ಲಿ ಬಾಕಿ ಬಿಟ್ಟು ಹೋದವರನ್ನು ಕಂಡಿದ್ದೇನೆ. 2025ರ ಜನವರಿಯಲ್ಲಿ ಬಿಎಂಟಿಸಿ ಕನಿಷ್ಠ ದರ 5ರಿಂದ 6 ರೂಪಾಯಿಗೆ ಏರಿತು. ಹತ್ತರ ನೋಟು ಕೊಟ್ಟವರಿಗೆಲ್ಲ ನಾಲ್ಕು ರೂಪಾಯಿ ಎಲ್ಲಿಂದ ತರುವುದು?

ಹಾಗಾಗಿ ಯುಪಿಐ ಬಂದದ್ದು ನಿಜವಾದ ಉಪಕಾರ. ಆದರೆ ಅದರಲ್ಲೂ ಎರಡು ಬಗೆ ಇದೆ. ಕ್ಯೂಆರ್ ಕೋಡ್ ಅಚ್ಚು ಹಾಕಿದ ಹಾಳೆ ಇದ್ದರೆ ಮೊತ್ತವನ್ನು ನಾವೇ ಒತ್ತಬೇಕು. ಹಣ ಹೋಯಿತೆಂದು ಕಂಡಕ್ಟರ್ ಒಬ್ಬೊಬ್ಬರ ಫೋನೂ ನೋಡಬೇಕು. ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಫೋನು, ಪರದೆಯ ಮೇಲೆ ಸುತ್ತುತ್ತಲೇ ಇರುವ ಚಕ್ರ. ಅಷ್ಟರಲ್ಲಿ ಮುಂದಿನ ಸ್ಟಾಪ್ ಬಂದಿರುತ್ತದೆ. ಟಿಕೆಟ್ ಯಂತ್ರದ ಪರದೆಯಲ್ಲೇ ಕೋಡ್ ಮೂಡಿದರೆ ಮೊತ್ತ ಅದರೊಳಗೇ ಇರುತ್ತದೆ, ಹಣ ಬಂದದ್ದು ಯಂತ್ರಕ್ಕೇ ತಿಳಿಯುತ್ತದೆ, ಚೀಟಿ ಹೊರಬರುತ್ತದೆ. ಪ್ರಯಾಣಿಕರನ್ನು ಅನುಮಾನಿಸುವ ಪ್ರಮೇಯವೇ ಇಲ್ಲ. ಕಂಡಕ್ಟರರ ಕೆಲಸ ಹಗುರಾಗದ ಯಾವ ಸುಧಾರಣೆಯೂ ಬಸ್ಸಿನಲ್ಲಿ ಉಳಿಯದು.

ಇನ್ನು ಸಿಗ್ನಲ್. ಊರು ಬಿಟ್ಟು ಹೊಲಗಳ ನಡುವೆ ಅದು ಆಗಾಗ ಕೈಕೊಡುತ್ತದೆ. ಇಲ್ಲಿ ನನಗೆ ಹೆಚ್ಚು ಮೆಚ್ಚುಗೆಯಾದದ್ದು 2019ರಲ್ಲಿ ದೇಶಕ್ಕೆಲ್ಲ ಒಂದೇ ಎಂದು ಬಿಡುಗಡೆಯಾದ, 2023ರಲ್ಲಿ ನಮ್ಮ ಮೆಟ್ರೊಗೆ ಬಂದ ಎನ್‌ಸಿಎಂಸಿ ಕಾರ್ಡ್. ಹಣ ಅದರ ಚಿಪ್‌ನಲ್ಲೇ ಕೂತಿರುವುದರಿಂದ ಗೇಟಿಗೆ ಮುಟ್ಟಿಸಿದಾಗ ಬ್ಯಾಂಕನ್ನು ಕೇಳುವ ಅಗತ್ಯವಿಲ್ಲ, ನೆಟ್‌ವರ್ಕೂ ಬೇಡ. (ಆನ್‌ಲೈನ್‌ನಲ್ಲಿ ಹಣ ತುಂಬಿದವರು ನಿಲ್ದಾಣದ ಯಂತ್ರಕ್ಕೆ ಕಾರ್ಡ್ ಹಿಡಿದು ಅದನ್ನು ಚಿಪ್‌ಗೆ ಇಳಿಸಿಕೊಳ್ಳಬೇಕು, ಇದನ್ನು ಮೊದಲ ದಿನವೇ ಯಾರಾದರೂ ಹೇಳಿಕೊಡಬೇಕು.) ಹಳ್ಳಿ ದಾರಿಯ ಬಸ್ಸಿಗೆ ಹೇಳಿ ಮಾಡಿಸಿದ ಕಾರ್ಡ್ ಅದು. ಆದರೆ ಹೊಸಕೋಟೆ ಬಸ್ಸಿನಲ್ಲಿ ಅದನ್ನು ಹೊರತೆಗೆಯುವ ಸಂದರ್ಭ ನನಗೆ ಬಂದೇ ಇಲ್ಲ.

2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯಿಂದ ನಮ್ಮೂರ ಹೆಣ್ಣುಮಕ್ಕಳು ದುಡ್ಡನ್ನೇ ತೆಗೆಯಬೇಕಿಲ್ಲ. “ಅಜ್ಜಿ, ಆಧಾರ್ ತೋರಿಸಿ” ಎಂದು ಕಂಡಕ್ಟರ್ ಶೂನ್ಯ ದರದ ಟಿಕೆಟ್ ಹರಿದು ಕೊಡುತ್ತಾರೆ. ಆ ಚೀಟಿಯ ಲೆಕ್ಕದ ಮೇಲೆಯೇ ಸರ್ಕಾರದಿಂದ ನಿಗಮಕ್ಕೆ ಹಣ ಬರಬೇಕು. ಟಿಕೆಟ್ ಕೇಳಿ ಪಡೆಯಿರಿ ಎಂದು ನಾನು ಪಕ್ಕದವರಿಗೆ ಹೇಳುವುದು ಅದಕ್ಕೇ.

ನಗದನ್ನು ಪೂರ್ತಿ ನಿಲ್ಲಿಸಿ ಎನ್ನುವವರು ಲಂಡನ್ನಿನ ಉದಾಹರಣೆ ಕೊಡುತ್ತಾರೆ. ಅಲ್ಲಿನ ಬಸ್ಸುಗಳು ನಗದು ನಿಲ್ಲಿಸಿದ್ದು 2014ರಲ್ಲಿ, ಆಯ್ಸ್ಟರ್ ಕಾರ್ಡ್ ಬಂದದ್ದು 2003ರಲ್ಲಿ. ಬಸ್ಸಿಗೂ ಸುರಂಗ ರೈಲಿಗೂ ಒಂದೇ ಕಾರ್ಡ್ ಎಂಬ ಅಭ್ಯಾಸ ಹತ್ತು ವರ್ಷ ಬೇರೂರಿದ ಮೇಲೆ ನಾಣ್ಯ ಬೇಡವೆಂದರು. ನಮ್ಮಲ್ಲಿ ಆ ಅಭ್ಯಾಸವೇ ಆಗಿಲ್ಲ. ಬಟನ್ ಫೋನ್ ಹಿಡಿದ ಹಿರಿಯರು, ಕೂಲಿಯ ನೋಟನ್ನೇ ತರುವವರು ಈಗಲೂ ನಮ್ಮ ಬಸ್ಸಿನಲ್ಲಿ ಕೂರುತ್ತಾರೆ. ಅವರನ್ನು ಬಿಟ್ಟು ಹೋಗುವ ಬಸ್ ನಮಗೆ ಬೇಡ.

ಸಾರಿಗೆ ನಿಗಮಗಳಲ್ಲಿ ನನ್ನ ಮನವಿ ಒಂದೇ. ಮೆಟ್ರೊದಲ್ಲಿ ನಡೆಯುವ ಕಾರ್ಡನ್ನು ಹೊಸಕೋಟೆ, ದೇವನಹಳ್ಳಿ, ದೊಡ್ಡಬಳ್ಳಾಪುರ, ನೆಲಮಂಗಲದ ಬಸ್ಸುಗಳಲ್ಲೂ ಒಪ್ಪಿಕೊಳ್ಳಿ. ಅದಾಗುವವರೆಗೆ ಕಂಡಕ್ಟರರ ಚೀಲಕ್ಕೆ ಬೆಳಿಗ್ಗೆಯೇ ಒಂದಿಷ್ಟು ಚಿಲ್ಲರೆ ಹಾಕಿ ಕಳಿಸಿ.