ಉಳಿಸಿದ್ದು ಸಾಲದ ಖಾತೆ ಸೇರಲಿ

ಘಣಸೋಲಿಯಲ್ಲಿ ಸ್ವಂತ ಮನೆ ಮಾಡಿದಿರಿ, ಬಹಳ ಸಂತೋಷ. ಠಾಣೆ-ವಾಶಿ ರೈಲುಮಾರ್ಗದ ಬದಿಯಲ್ಲಿ, ಸ್ಟೇಷನ್ನಿಗೆ ನಡೆದು ಹೋಗುವಷ್ಟು ದೂರದಲ್ಲಿ ಮನೆ ಸಿಗುವುದು ಇವತ್ತು ಸಣ್ಣ ಮಾತಲ್ಲ. ಗೃಹಪ್ರವೇಶದ ದಿನ ಸಾಲದ ಮಾತು ಬೇಡವೆಂದು ಸುಮ್ಮನಿದ್ದೆ. ಈಗ ಹಿರಿಯನ ಸಲುಗೆಯಿಂದ ಹೇಳುತ್ತೇನೆ, ಇಬ್ಬರೂ ಕೂತು ಕೇಳಿ. ಇಪ್ಪತ್ತು ವರ್ಷಕ್ಕೆಂದು ತೆಗೆದ ಸಾಲವನ್ನು ಇಪ್ಪತ್ತು ವರ್ಷವೂ ಕಟ್ಟುತ್ತಲೇ ಇರಬೇಕೆಂಬ ನಿಯಮವಿಲ್ಲ. ಬೇಗ ತೀರಿಸಲು ದೊಡ್ಡ ಪಗಾರವೇ ಬೇಕೆಂದೂ ಇಲ್ಲ. ಮನೆಖರ್ಚಿನಲ್ಲಿ ಉಳಿಸಿದ್ದು ನೇರವಾಗಿ ಸಾಲದ ಖಾತೆಗೆ ಹೋದರೆ ಸಾಕು.

ಮೊದಲು ಲೆಕ್ಕ ನೋಡೋಣ. 30 ಲಕ್ಷ ಸಾಲ, ಶೇ. 8.5 ಬಡ್ಡಿ, 20 ವರ್ಷ ಎಂದಿಟ್ಟುಕೊಳ್ಳಿ. ತಿಂಗಳ ಕಂತು ಸುಮಾರು 26,035 ರೂಪಾಯಿ. ಮೊದಲ ಕಂತಿನಲ್ಲಿ 21,250 ಬಡ್ಡಿಗೇ ಹೋಗುತ್ತದೆ, ಅಸಲಿಗೆ ಸೇರುವುದು 4,785 ಮಾತ್ರ. ವರ್ಷವಿಡೀ ಮೂರು ಲಕ್ಷಕ್ಕೂ ಮಿಕ್ಕಿ ಕಟ್ಟಿದರೂ ಅಸಲು ಇಳಿಯುವುದು 60 ಸಾವಿರದಷ್ಟೇ. ಕೊನೆಯ ಕಂತು ಕಟ್ಟುವಾಗ ಬಡ್ಡಿಯೊಂದೇ 32 ಲಕ್ಷ ದಾಟಿರುತ್ತದೆ. ಅದೇ ಸಾಲಕ್ಕೆ ಮೊದಲ ತಿಂಗಳಿಂದಲೇ 3,000 ರೂಪಾಯಿ ಹೆಚ್ಚಿಗೆ ಕಟ್ಟಿ ನೋಡಿ. ಹದಿನೈದೂವರೆ ವರ್ಷಕ್ಕೆ ಸಾಲ ಮುಗಿಯುತ್ತದೆ, ಬಡ್ಡಿಯಲ್ಲಿ 8 ಲಕ್ಷಕ್ಕೂ ಹೆಚ್ಚು ಉಳಿಯುತ್ತದೆ. 5,000 ಕಟ್ಟಿದರೆ ಹದಿನಾಲ್ಕು ವರ್ಷವೂ ಬೇಡ, ಉಳಿತಾಯ 11 ಲಕ್ಷ ದಾಟುತ್ತದೆ.

ಅದರಲ್ಲೂ ಮೊದಲ ವರ್ಷಗಳ ದುಡ್ಡಿಗೆ ಬಲ ಜಾಸ್ತಿ. ಇದೇ ಸಾಲದಲ್ಲಿ ಮೊದಲ ತಿಂಗಳು ಹೆಚ್ಚಿಗೆ ಕಟ್ಟಿದ 1,000 ರೂಪಾಯಿ ಕೊನೆಗೆ 5,400 ರೂಪಾಯಿಯಷ್ಟು ಕಂತನ್ನು ತಪ್ಪಿಸುತ್ತದೆ. ಅದೇ ಸಾವಿರವನ್ನು ಹದಿನೈದು ವರ್ಷ ಕಳೆದ ಮೇಲೆ ಕಟ್ಟಿದರೆ ತಪ್ಪುವುದು 1,500 ಮಾತ್ರ. ಹಾಗಾಗಿ ‘ಪಗಾರ ಹೆಚ್ಚಾಗಲಿ, ಆಮೇಲೆ ನೋಡೋಣ’ ಎನ್ನಬೇಡಿ.

ತಿಂಗಳಿಗೆ ಮೂರು ಸಾವಿರವೆಂದರೆ ದಿನಕ್ಕೆ ನೂರು ರೂಪಾಯಿ. ದಿನದ ಲೆಕ್ಕದಲ್ಲಿ ಉಳಿಸುವುದು ನಮ್ಮ ಕರಾವಳಿಯವರಿಗೆ ಹೊಸದಲ್ಲ. 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕಿನ ಬೀಜ ಹಾಕಿದ ಅಮ್ಮೆಂಬಳ ಸುಬ್ಬರಾವ್ ಪೈಗಳು ಮಿತವ್ಯಯದ ಅಭ್ಯಾಸ ಬೆಳೆಸುವುದನ್ನೇ ಬ್ಯಾಂಕಿನ ಧ್ಯೇಯಗಳಲ್ಲೊಂದಾಗಿ ಇಟ್ಟರು. ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಉಡುಪಿಯ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ತಂದಿತು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕಿತ್ತು. ಅದರ ಗುಟ್ಟು ಇದ್ದದ್ದು ಮೊತ್ತದಲ್ಲಲ್ಲ, ಪಿಗ್ಮಿಯವನು ಬಾಗಿಲಿಗೇ ಬರುತ್ತಿದ್ದುದರಲ್ಲಿ. ಆವತ್ತು ಉಳಿದದ್ದು ಆವತ್ತೇ ಕೈಬಿಟ್ಟು ಹೋಗುತ್ತಿತ್ತು. ಕೈಯಲ್ಲೇ ಉಳಿದಿದ್ದರೆ ಸಂಜೆಯೊಳಗೆ ಬೇರೆ ಯಾವುದಕ್ಕೋ ಖರ್ಚಾಗುತ್ತಿತ್ತು. ಗೃಹಸಾಲಕ್ಕೆ ಹಾಗೆ ಬಾಗಿಲಿಗೆ ಬರುವವರಿಲ್ಲ. ನಿಮ್ಮ ಮನೆಯ ಪಿಗ್ಮಿಯವರು ನೀವೇ ಆಗಬೇಕು.

ನೂರು ರೂಪಾಯಿ ಎಲ್ಲಿಂದ ಬರುತ್ತದೆ ಎಂದು ಕೇಳುತ್ತೀರಿ. ಮೊದಲು ಓಡಾಟ. ಫೆಬ್ರವರಿ 2025ರಿಂದ ಇಲ್ಲಿ ರಿಕ್ಷಾದ ಕನಿಷ್ಠ ದರ 26 ರೂಪಾಯಿ. ಸ್ಟೇಷನ್ನಿಗೆ ಹೋಗಿ ಬರಲು ಒಬ್ಬರೇ ರಿಕ್ಷಾ ಹಿಡಿದರೆ ದಿನಕ್ಕೆ 52, ಇಪ್ಪತ್ತೈದು ದಿನಕ್ಕೆ 1,300. ನಡೆಯುವಷ್ಟೇ ದೂರವಿರುವಾಗ ನಡೆಯಿರಿ, ಮಳೆಗಾಲದಲ್ಲಿ ಶೇರ್ ರಿಕ್ಷಾ ಹಿಡಿಯಿರಿ. ಲೋಕಲ್ ಪಾಸನ್ನು ತಿಂಗಳಿನ ಬದಲು ಮೂರು ತಿಂಗಳಿಗೆ ತೆಗೆದರೆ ಅದರಲ್ಲೂ ಸ್ವಲ್ಪ ಉಳಿಯುತ್ತದೆ.

ಎರಡನೆಯದು ದಿನಸಿ. ವಾಶಿಯ ಎಪಿಎಂಸಿ ಮಾರುಕಟ್ಟೆ ಕೈಗೆಟಕುವಷ್ಟು ಹತ್ತಿರ ಇರುವಾಗ ಅಕ್ಕಿ, ಬೇಳೆ, ಒಣಮೆಣಸನ್ನು ಸಣ್ಣ ಪ್ಯಾಕೆಟ್ಟುಗಳಲ್ಲಿ ತರಬೇಡಿ. ಬಿಲ್ಡಿಂಗಿನ ಮೂರು ನಾಲ್ಕು ಮನೆಯವರು ಸೇರಿ ಗೋಣಿ ಲೆಕ್ಕದಲ್ಲಿ ತಂದು ಹಂಚಿಕೊಳ್ಳಿ. ಆ ನೆಪದಲ್ಲಿ ಅಕ್ಕಪಕ್ಕದವರ ಪರಿಚಯವೂ ಆಗುತ್ತದೆ. ದೋಸೆ ಹಿಟ್ಟು ಮನೆಯಲ್ಲೇ ರುಬ್ಬಿ, ಮಧ್ಯಾಹ್ನಕ್ಕೆ ಡಬ್ಬಿ ಕಟ್ಟಿಕೊಂಡು ಹೋಗಿ. ಫೋನಿನಲ್ಲಿ ಊಟ ತರಿಸುವುದು ವಾರಕ್ಕೊಮ್ಮೆ ಇರಲಿ, ದಿನಚರಿಯಾಗುವುದು ಬೇಡ.

ಮೂರನೆಯದು ಕರೆಂಟು. ಮಹಾವಿತರಣದ ಬಿಲ್ಲಿನಲ್ಲಿ 100, 300, 500 ಯೂನಿಟ್ ದಾಟಿದಂತೆಲ್ಲ ಯೂನಿಟ್ಟಿನ ದರ ಏರುತ್ತದೆ. ಏಪ್ರಿಲ್-ಮೇ ಸೆಕೆಯಲ್ಲಿ ಎಸಿ ಬೇಡವೆನ್ನಲಾರೆ. ಎಲ್ಲರೂ ಒಂದೇ ಕೋಣೆಯಲ್ಲಿ ಮಲಗಿದರೆ ಒಂದು ಎಸಿಯಲ್ಲೇ ರಾತ್ರಿ ಕಳೆಯಬಹುದು. ಇನ್ನು ಊರ ಪ್ರಯಾಣ. ಊರ ಕಡೆಗೆ ಹೋಗುವ ಮತ್ಸ್ಯಗಂಧ ರೈಲಿಗೆ 60 ದಿನ ಮೊದಲೇ ಟಿಕೇಟು ಸಿಗುತ್ತದೆ, ಠಾಣೆಯಲ್ಲೇ ಹತ್ತಬಹುದು. ಮೇ ರಜೆಗೆ, ಚೌತಿಗೆ ಹೋಗುವುದು ಮೊದಲೇ ಗೊತ್ತಿರುವ ವಿಷಯ. ಕೊನೇ ಗಳಿಗೆಯಲ್ಲಿ ವಿಮಾನಕ್ಕೋ ಖಾಸಗಿ ಬಸ್ಸಿಗೋ ದುಪ್ಪಟ್ಟು ಸುರಿಯುವುದೇಕೆ?

ಇಷ್ಟು ಮಾಡಿಯೂ ಅನೇಕರ ಸಾಲ ಕರಗದಿರುವುದಕ್ಕೆ ಕಾರಣವಿದೆ. ರಿಕ್ಷಾದಲ್ಲಿ ಉಳಿದದ್ದು ಮಾಲಿನಲ್ಲಿ ಹೋಗುತ್ತದೆ, ಕರೆಂಟಿನಲ್ಲಿ ಉಳಿದದ್ದು ಹೊಸ ಫೋನಿನ ಕಂತಿಗೆ ಹೋಗುತ್ತದೆ. ಆದ್ದರಿಂದ ಪಗಾರ ಬಂದ ದಿನವೇ 3,000ವನ್ನು ಸಾಲದ ಖಾತೆಗೆ ಕಳಿಸಿ, ಉಳಿದದ್ದರಲ್ಲಿ ತಿಂಗಳು ನಡೆಸಿ. ಸಣ್ಣ ಮೊತ್ತ ತೆಗೆದುಕೊಳ್ಳುವುದಿಲ್ಲ ಎನ್ನುವ ಸಾಲದಾತರೂ ಇದ್ದಾರೆ. ಹಾಗಿದ್ದರೆ ಆರ್‌ಡಿ ಕಟ್ಟಿ, ಒಟ್ಟಾದಾಗ ತುಂಬಿ. ಬೋನಸ್ ಬಂದಾಗ ವರ್ಷಕ್ಕೊಂದು ಕಂತು ಹೆಚ್ಚಿಗೆ ಹಾಕಿದರೂ ಮೂರು ವರ್ಷಕ್ಕಿಂತ ಜಾಸ್ತಿ ಅವಧಿ ತಗ್ಗುತ್ತದೆ.

ದುಡ್ಡು ಕಟ್ಟುವಾಗ ನೆನಪಿಡಬೇಕಾದವು ಕೆಲವಿವೆ. ಹೆಚ್ಚಿಗೆ ಕಟ್ಟಿದ್ದು ಅಸಲಿಗೆ ಜಮೆಯಾಗಿದೆಯೇ, ಮುಂದಿನ ಕಂತಿನ ಮುಂಗಡವೆಂದು ಬಿದ್ದಿದೆಯೇ ಎಂದು ಸ್ಟೇಟ್‌ಮೆಂಟಿನಲ್ಲಿ ನೋಡಿ. ಕಂತು ಇಳಿಸಬೇಕೋ ಅವಧಿ ಇಳಿಸಬೇಕೋ ಎಂದು ಕೇಳಿದರೆ ಅವಧಿ ಎನ್ನಿ. ಬದಲಾಗುವ ಬಡ್ಡಿಯ ಗೃಹಸಾಲವನ್ನು ಮೊದಲೇ ತೀರಿಸಿದರೆ ವ್ಯಕ್ತಿಗಳಿಂದ ದಂಡ ವಸೂಲು ಮಾಡುವಂತಿಲ್ಲ. ಸ್ಥಿರ ಬಡ್ಡಿಯದಾದರೆ ಮಂಜೂರಾತಿ ಪತ್ರ ಓದಿಕೊಳ್ಳಿ.

ಬಡ್ಡಿ ಏರಿದಾಗ ಇನ್ನೂ ಎಚ್ಚರ ಬೇಕು. ಮೇ 2022ರಿಂದ ಫೆಬ್ರವರಿ 2023ರೊಳಗೆ, ಸಾಲದ ಬಡ್ಡಿಯನ್ನು ಏರಿಳಿಸುವ ರಿಸರ್ವ್ ಬ್ಯಾಂಕಿನ ರೆಪೋ ದರ ಶೇ. 4ರಿಂದ 6.5ಕ್ಕೆ ಏರಿತು. ಎಷ್ಟೋ ಜನರ ಕಂತು ಅಷ್ಟೇ ಇದ್ದು, ಅವಧಿ ಸದ್ದಿಲ್ಲದೆ ವರ್ಷಗಟ್ಟಲೆ ಬೆಳೆಯಿತು. ಆಗಸ್ಟ್ 2023ರಲ್ಲಿ ರಿಸರ್ವ್ ಬ್ಯಾಂಕ್ ನಿಯಮ ತಂದು, ಬಡ್ಡಿ ಬದಲಾದಾಗ ಕಂತು ಏರಿಸುವುದೋ ಅವಧಿ ಹಿಗ್ಗಿಸುವುದೋ ಎಂಬ ಆಯ್ಕೆಯನ್ನು ಸಾಲಗಾರನಿಗೇ ಕೊಡಬೇಕೆಂದಿತು. ಆ ಹಕ್ಕನ್ನು ಬಳಸಿ. ಬಡ್ಡಿ ಇಳಿದಾಗ ಕಂತನ್ನು ಮಾತ್ರ ಇಳಿಸಬೇಡಿ.

ತೆರಿಗೆ ಉಳಿಯುತ್ತದೆ, ಸಾಲ ಇರಲಿ ಬಿಡಿ ಎನ್ನುವ ಗೆಳೆಯರಿರುತ್ತಾರೆ. ಹೊಸ ತೆರಿಗೆ ಪದ್ಧತಿಯಲ್ಲಿ ನಾವೇ ವಾಸವಿರುವ ಮನೆಯ ಬಡ್ಡಿಗೆ ವಿನಾಯಿತಿಯೇ ಇಲ್ಲ. ಹಳೆಯ ಪದ್ಧತಿಯಲ್ಲಿ ವರ್ಷಕ್ಕೆ 2 ಲಕ್ಷದವರೆಗೆ ಇದೆ. ಆದರೆ ಶೇ. 30ರ ಹಂತದವರಿಗೂ ಆ 2 ಲಕ್ಷಕ್ಕೆ ಉಳಿಯುವ ತೆರಿಗೆ 60 ಸಾವಿರದಷ್ಟು. ಬಾಕಿ 1.4 ಲಕ್ಷ ಜೇಬಿನಿಂದ ಹೋದದ್ದೇ.

ಜಿಪುಣತನ ಮಾಡಬೇಡಿ ಎಂಬುದನ್ನೂ ಅಷ್ಟೇ ಗಟ್ಟಿಯಾಗಿ ಹೇಳುತ್ತೇನೆ. ಆರು ತಿಂಗಳ ಖರ್ಚಿನಷ್ಟು ಹಣ ಮೊದಲು ಬದಿಗಿಡಿ. ಆರೋಗ್ಯ ವಿಮೆ, ಜೀವ ವಿಮೆಯ ಕಂತು ತಪ್ಪಬಾರದು. ಕ್ರೆಡಿಟ್ ಕಾರ್ಡಿನ ಬಾಕಿಗೆ ಗೃಹಸಾಲಕ್ಕಿಂತ ಎಷ್ಟೋ ಪಟ್ಟು ಬಡ್ಡಿ, ಅದನ್ನೇ ಮೊದಲು ತೀರಿಸಿ. ಪಿಎಫ್ ಹಣಕ್ಕೆ ಕೈಹಾಕಬೇಡಿ. ಊರಿನ ಅಪ್ಪ ಅಮ್ಮನ ಔಷಧಿಗೆ, ಮಕ್ಕಳ ಓದಿಗೆ ಕತ್ತರಿ ಬೇಡ. ಮತ್ತೊಂದು ಮಾತು ಗಂಡಸಿಗೆ. ಹಿಟ್ಟು ರುಬ್ಬುವುದು, ಡಬ್ಬಿ ಕಟ್ಟುವುದು, ದಿನಸಿ ಹೊರುವುದು ಎಲ್ಲ ಹೆಂಡತಿಯ ತಲೆಗೆ ಕಟ್ಟಿ ಮನೆಯ ಉಳಿತಾಯ ಎನ್ನಬೇಡ. ಅವಳೂ ಆಫೀಸಿನಿಂದ ಅದೇ ನೂಕುನುಗ್ಗಲಿನ ಲೋಕಲಿನಲ್ಲಿ ಬರುವವಳು. ಸಾಲಕ್ಕೆ ಇಬ್ಬರೂ ಸಹಿ ಹಾಕಿದ್ದೀರಿ, ಅಡುಗೆಮನೆಯೂ ಇಬ್ಬರದಾಗಲಿ.

ಸಾಲ ತೀರಿದ ದಿನ ಸಿಹಿ ಹಂಚಿ ಸುಮ್ಮನಾಗಬೇಡಿ. ಪೂರ್ತಿ ತೀರಿಸಿದ 30 ದಿನದೊಳಗೆ ಮನೆಯ ಮೂಲ ಕಾಗದಪತ್ರ ಹಿಂದಿರುಗಿಸಬೇಕೆಂಬ ನಿಯಮ ಡಿಸೆಂಬರ್ 2023ರಿಂದ ಜಾರಿಯಲ್ಲಿದೆ. ತಮ್ಮ ತಪ್ಪಿನಿಂದ ತಡಮಾಡಿದರೆ ಸಾಲದಾತರು ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು. ಬಾಕಿ ಇಲ್ಲವೆಂಬ ಪತ್ರ ತೆಗೆದುಕೊಳ್ಳಿ, ಸೊಸೈಟಿಯ ದಾಖಲೆಯಲ್ಲಿ ಬರೆದಿರುವ ಬ್ಯಾಂಕಿನ ಹೆಸರನ್ನೂ ತೆಗೆಸಿ.

ಅದೆಲ್ಲ ಮುಂದಿನ ಮಾತು. ಇವತ್ತು ರಾತ್ರಿ ಊಟವಾದ ಮೇಲೆ ಇಬ್ಬರೂ ಕೂತು ಸಾಲದ ಸ್ಟೇಟ್‌ಮೆಂಟ್ ತೆಗೆದು ನೋಡಿ. ಈ ತಿಂಗಳ ಪಗಾರದ ದಿನ ಮೊದಲ 3,000 ಕಟ್ಟಿಬಿಡಿ.