ನಾಲ್ಕು ಪಂದ್ಯ ಆಡಿ ತಂಡ ಬಿಟ್ಟರೆ ವರ್ಷ ಉಳಿಯುತ್ತದೆಯೇ?

ಪ್ರಶ್ನೆ: ನಾವು ಧಾರವಾಡದ ಕಡೆಯವರು. ಇಪ್ಪತ್ತು ವರ್ಷದಿಂದ ವಡೋದರಾದ ಮಂಜಲ್‌ಪುರದಲ್ಲಿದ್ದೇವೆ. ಯಜಮಾನರಿಗೆ ಮಕರಪುರ ಜಿಐಡಿಸಿಯಲ್ಲಿ ಕೆಲಸ. ಮಗ ಬಿ.ಕಾಂ. ಎರಡನೇ ವರ್ಷ, ಫುಟ್‌ಬಾಲ್ ಅಂದರೆ ಪ್ರಾಣ. ಯೂನಿವರ್ಸಿಟಿ ತಂಡದಲ್ಲಿ ಹೆಸರಿದೆ, ಮೈದಾನಕ್ಕೆ ಮಾತ್ರ ಇಳಿಸುತ್ತಿಲ್ಲ. ಬೆಂಗಳೂರಿನ ಕಾಲೇಜೊಂದರವರು ಬರುವ ವರ್ಷ ಸೀಟು, ಹಾಸ್ಟೆಲ್ ಕೊಡುತ್ತೇವೆ ಅಂದಿದ್ದಾರಂತೆ. ಈಗಲೇ ತಂಡ ಬಿಟ್ಟರೆ ಒಂದು ವರ್ಷ ಉಳಿಯುತ್ತದೆ, ಅಮೆರಿಕದಲ್ಲಿ ಹುಡುಗರು ಹಾಗೇ ಮಾಡುತ್ತಾರೆ ಅನ್ನುತ್ತಾನೆ. ಹೂಂ ಅನ್ನಲೇ, ಬೇಡ ಅನ್ನಲೇ?
— ಒಬ್ಬ ತಾಯಿ, ಮಂಜಲ್‌ಪುರ

ಉತ್ತರ: ಅಮ್ಮಾ, ಮಗ ಸುಳ್ಳು ಹೇಳುತ್ತಿಲ್ಲ. ಆದರೆ ಅಲ್ಲಿಯ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಅಲ್ಲಿ ಫುಟ್‌ಬಾಲ್ ಎಂದರೆ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಬೇರೆಯೇ ಆಟ. ಕಾಲೇಜು ಸೇರಿದ ಹುಡುಗನಿಗೆ ಐದು ವರ್ಷದ ಗಡುವು, ಅದರೊಳಗೆ ನಾಲ್ಕು ಸೀಸನ್ ಆಡಬಹುದು ಎಂಬುದು ಅಲ್ಲಿಯ ಹಳೆಯ ಕಟ್ಟಳೆ. ಒಂದು ವರ್ಷ ಬರೀ ಅಭ್ಯಾಸ ಮಾಡಿ ಪಂದ್ಯ ಆಡದೆ ಉಳಿದರೆ ಆ ಸೀಸನ್ ಕೈಯಲ್ಲೇ ಇರುತ್ತದೆ. ಇದಕ್ಕೆ 'ರೆಡ್‌ಶರ್ಟ್' ಎಂಬ ಹೆಸರು. 1937ರಲ್ಲಿ ನೆಬ್ರಾಸ್ಕ ವಿಶ್ವವಿದ್ಯಾಲಯದ ವಾರನ್ ಆಲ್ಫ್‌ಸನ್ ಹೀಗೆ ಕೇಳಿಕೊಂಡು, ಕೆಂಪಂಗಿ ತೊಟ್ಟು ಅಭ್ಯಾಸ ಮಾಡುತ್ತಿದ್ದನಂತೆ. 2018ರಲ್ಲಿ ನಿಯಮ ಸಡಿಲಾಗಿ, ನಾಲ್ಕು ಪಂದ್ಯದವರೆಗೆ ಆಡಿದರೂ ವರ್ಷ ಲೆಕ್ಕಕ್ಕಿಲ್ಲ ಎಂದಾಯಿತು. ಬೆಂಚಿನಲ್ಲಿ ಕೂತ ಹೊಸ ಹುಡುಗರಿಗೂ ನಾಲ್ಕು ಪಂದ್ಯದ ಅನುಭವವಾಗಲಿ ಎಂಬ ಒಳ್ಳೆಯ ಉದ್ದೇಶ ಅದು. ಅದೇ ಸೆಪ್ಟೆಂಬರಿನಲ್ಲಿ ಕ್ಲೆಮ್ಸನ್ ತಂಡದ ಕೆಲ್ಲಿ ಬ್ರೈಂಟ್, ತನ್ನ ಜಾಗ ಕಿರಿಯನಿಗೆ ಹೋದದ್ದೇ ತಡ, ನಾಲ್ಕನೇ ಪಂದ್ಯದ ನಂತರ ತಂಡ ಬಿಟ್ಟು ಮುಂದೆ ಮಿಸೌರಿ ಸೇರಿದ. ಅವನು ಬಿಟ್ಟ ತಂಡ ಆ ಸೀಸನ್ನಿನಲ್ಲೇ ರಾಷ್ಟ್ರೀಯ ಚಾಂಪಿಯನ್ ಆಯಿತು. 2021ರಿಂದ ಆಟಗಾರರು ತಮ್ಮ ಹೆಸರಿನ ಮೇಲೆ ಹಣ ಗಳಿಸಬಹುದಾದ ಮೇಲೆ ಈ ಓಡಾಟ ಇನ್ನೂ ಹೆಚ್ಚಿದೆ. 2024ರಲ್ಲಿ ಲಾಸ್ ವೇಗಸ್‌ನ ತಂಡ ಮೂರಕ್ಕೆ ಮೂರೂ ಗೆದ್ದಿದ್ದಾಗ ಮ್ಯಾಥ್ಯೂ ಸ್ಲೂಕಾ ಹೊರಟುಹೋದ. ಹೇಳಿದ ಹಣ ಬರಲಿಲ್ಲ ಎಂಬುದು ಅವನ ಕಡೆಯವರ ದೂರು.

ಇನ್ನು ನಮ್ಮ ಕಡೆ ಬನ್ನಿ. ಪಂದ್ಯ ಎಣಿಸಿ ವರ್ಷ ಉಳಿಸಿಕೊಡುವ ಇಂಥ ನಿಯಮ ನಮ್ಮ ಅಂತರ ವಿಶ್ವವಿದ್ಯಾಲಯ ಕ್ರೀಡೆಯಲ್ಲಿಲ್ಲ. ಇಲ್ಲಿ ಓಡುವುದು ವಯಸ್ಸಿನ ಗಡಿಯಾರ. ಖೇಲೋ ಇಂಡಿಯಾ ಯೂನಿವರ್ಸಿಟಿ ಗೇಮ್ಸ್‌ಗೆ 17ರಿಂದ 25ರ ವಯೋಮಿತಿ ಇಟ್ಟರು. ನಿಮ್ಮ ಮಗ ಬೆಂಚಿನಲ್ಲಿ ಕೂತರೂ, ಮನೆಯಲ್ಲಿ ಕೂತರೂ ಆ ಗಡಿಯಾರ ನಿಲ್ಲುವುದಿಲ್ಲ. ಬಿಟ್ಟರೆ ಉಳಿಯುವುದು ಸೊನ್ನೆ.

ಕಳೆಯುವುದು ಮಾತ್ರ ಇದೆ, ಇದನ್ನು ಅವನನ್ನು ಎದುರಿಗೆ ಕೂರಿಸಿಕೊಂಡು ಹೇಳಿ. ಕೇಂದ್ರ ಸರ್ಕಾರದ ಕ್ರೀಡಾ ಕೋಟಾ ನೌಕರಿಗೆ ಅಂತರ ವಿಶ್ವವಿದ್ಯಾಲಯ ಟೂರ್ನಿಯಲ್ಲಿ ತನ್ನ ವಿಶ್ವವಿದ್ಯಾಲಯವನ್ನು ಪ್ರತಿನಿಧಿಸಿದವರೂ ಅರ್ಹರು. ಅದಕ್ಕೆ ಬೇಕಾದ ಪ್ರಮಾಣಪತ್ರ ಫಾರ್ಮ್-3, ಸಹಿ ಹಾಕಬೇಕಾದವರು ವಿಶ್ವವಿದ್ಯಾಲಯದ ಕ್ರೀಡಾಧಿಕಾರಿಗಳು. ಟೂರ್ನಿಗೆ ಮೊದಲೇ ತಂಡ ಬಿಟ್ಟವನಿಗೆ ಅವರು ಯಾವ ಆಧಾರದ ಮೇಲೆ ಸಹಿ ಹಾಕಬೇಕು? ಈ ಒಂದು ಕಾಗದದಿಂದ ಕೆಲಸ ಹಿಡಿದು ಮನೆ ನಡೆಸುತ್ತಿರುವ ಹುಡುಗರನ್ನು ನಾನು ಬಲ್ಲೆ.

ಮತ್ತೊಂದು ವ್ಯತ್ಯಾಸವಿದೆ. ಅಮೆರಿಕದಲ್ಲಿ ಸೀಸನ್ ಎಂದರೆ ಹನ್ನೆರಡು ಪಂದ್ಯ, ಮೂರು ತಿಂಗಳು. ನಮ್ಮಲ್ಲಿ ಪಶ್ಚಿಮ ವಲಯದ ಟೂರ್ನಿಗೆ ರೈಲು ಹತ್ತಿದರೆ ಮೊದಲ ಸುತ್ತುಗಳು ನಾಕ್‌ಔಟ್, ಸೋತ ದಿನವೇ ವಾಪಸ್ ಟಿಕೆಟ್. ಇಷ್ಟೇ ಇರುವ ಸೀಸನ್ನಿನ ನಡುವೆ ಎದ್ದುಹೋದರೆ ಉಳಿದವರಿಗೆ ಬದಲಿ ಹುಡುಕಲು ಸಮಯವೇ ಇರುವುದಿಲ್ಲ. ನಾನು ತಂಡದ ಜತೆ ಹೋಗಿದ್ದ ಒಂದು ಟೂರ್ನಿಯಲ್ಲಿ ಎರಡನೇ ಗೋಲ್‌ಕೀಪರ್, ತನಗೆ ಅವಕಾಶವಿಲ್ಲವೆಂದು ಹಿಂದಿನ ರಾತ್ರಿಯೇ ಊರಿಗೆ ಹೊರಟ. ಮರುದಿನ ಮೊದಲ ಕೀಪರನ ಬೆರಳು ಮುರಿಯಿತು. ಡಿಫೆನ್ಸ್‌ನಲ್ಲಿ ಆಡುತ್ತಿದ್ದ ಹುಡುಗ ತನ್ನ ಕೈಗೆ ದೊಡ್ಡದಾದ ಗ್ಲೌಸ್ ಹಾಕಿಕೊಂಡು ಗೋಲಿನಲ್ಲಿ ನಿಂತ. ಆವತ್ತು ಅವನ ಮುಖ ನೋಡಿದ ನನಗೆ, ಹೋದವನನ್ನು ಇಂದಿಗೂ ಪೂರ್ತಿ ಕ್ಷಮಿಸಲಾಗಿಲ್ಲ.

ಬೆಂಗಳೂರಿಗೆ ಹೋಗುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ಕ್ಲಬ್ ಲೀಗುಗಳ ಆ ಊರಿನಲ್ಲಿ ಆಡಿದರೆ ಅವನು ಬೆಳೆಯಬಹುದು. ವರ್ಷ ಮುಗಿಸಿ, ಪರೀಕ್ಷೆ ಬರೆದು, ಮೈಗ್ರೇಷನ್ ಸರ್ಟಿಫಿಕೇಟ್ ಕೈಯಲ್ಲಿ ಹಿಡಿದು ಹೋಗಲಿ. ಅದಕ್ಕೂ ಮೊದಲು ಆ ಕಾಲೇಜಿನವರ ಮಾತು ಕಾಗದಕ್ಕೆ ಬರಲಿ: ಅವನು ಎರಡನೇ ವರ್ಷ ಓದಿದ್ದನ್ನು ಒಪ್ಪಿ ಮೂರಕ್ಕೆ ಸೇರಿಸಿಕೊಳ್ಳುತ್ತಾರೋ, ಮತ್ತೆ ಮೊದಲಿಂದಲೋ? ಹಾಸ್ಟೆಲ್ ಎಷ್ಟು ವರ್ಷ? ಮೊಣಕಾಲಿನ ಲಿಗಮೆಂಟ್ ಹರಿದು ಆರು ತಿಂಗಳು ಆಡದಿದ್ದರೆ ಫೀಸು ಯಾರದು? ಫೋನಿನಲ್ಲಿ ಹೇಳಿದ್ದನ್ನು ಪತ್ರದಲ್ಲಿ ಬರೆಯಲು ಹಿಂಜರಿದರೆ, ಅವರನ್ನು ನಂಬಿ ಮಗನನ್ನು ಕಳಿಸಬೇಡಿ.

ಪ್ರಶ್ನೆ: ನಾನು ಸೂರತ್‌ನಲ್ಲಿ ಓದುತ್ತಿರುವ ಕ್ರಿಕೆಟಿಗ. ಕ್ರಿಕೆಟ್‌ನಲ್ಲಿ ರಾಜ್ಯ ಬದಲಿಸಿದವರು ಚೆನ್ನಾಗೇ ಇದ್ದಾರಲ್ಲ, ಸರ್?

ಉತ್ತರ: ಇದ್ದಾರೆ ತಮ್ಮಾ, ಆದರೆ ಹೇಗೆ ಬದಲಿಸಿದರು ನೋಡು. 2021ರ ಜನವರಿಯಲ್ಲಿ ಸೈಯದ್ ಮುಷ್ತಾಕ್ ಅಲಿ ಟೂರ್ನಿಯ ಹೊಸ್ತಿಲಲ್ಲಿ ದೀಪಕ್ ಹೂಡಾ, ನಾಯಕನ ಜತೆಗಿನ ಮನಸ್ತಾಪದಿಂದ ಬರೋಡಾ ತಂಡ ಬಿಟ್ಟರು. ಬರೋಡಾ ಸಂಸ್ಥೆ ಅವರನ್ನು ಆ ಸೀಸನ್ನಿಗೆ ಹೊರಗಿಟ್ಟಿತು. ತಂಡ ಫೈನಲ್ ತಲುಪಿ ಮೊಟೇರಾದಲ್ಲಿ ತಮಿಳುನಾಡಿಗೆ ಸೋತಾಗ ಅವರು ಅಲ್ಲಿರಲಿಲ್ಲ. ಬಳಿಕ ರಾಜಸ್ಥಾನ ಸೇರಿ, 2022ರ ಫೆಬ್ರವರಿ 6ರಂದು ಅದೇ ಮೊಟೇರಾದಲ್ಲಿ ಭಾರತದ ಪರ ಮೊದಲ ಏಕದಿನ ಪಂದ್ಯ ಆಡಿದರು. ಅವರ ನೋವು ನಿಜವಿದ್ದೀತು. ಆದರೂ ಪ್ರತಿಭೆಯಿಂದ ತುಂಬಿಕೊಂಡ ಆ ನಷ್ಟವನ್ನು ಎಲ್ಲರೂ ತುಂಬಿಕೊಳ್ಳಲಾರರು. ನಮ್ಮ ಕರುಣ್ ನಾಯರ್ ಕರ್ನಾಟಕ ತಂಡದಲ್ಲಿ ಜಾಗ ಕಳೆದುಕೊಂಡ ಮೇಲೆ, 2023ರಲ್ಲಿ ಸೀಸನ್ ಶುರುವಾಗುವ ಮೊದಲೇ ವಿದರ್ಭಕ್ಕೆ ಹೋದರು. 2024-25ರ ರಣಜಿಯಲ್ಲಿ 863 ರನ್ ಹೊಡೆದರು, ವಿದರ್ಭ ಟ್ರೋಫಿ ಗೆದ್ದಿತು. ಮುಂದಿನ ಸೀಸನ್ನಿಗೆ ಕರ್ನಾಟಕವೇ ಮತ್ತೆ ಬಾಗಿಲು ತೆರೆಯಿತು. ಮೂಲ ಸಂಸ್ಥೆಯ ಎನ್‌ಒಸಿ ಕೇಳುವ ದಿನ ನಿನ್ನ ಬಗ್ಗೆ ಅಲ್ಲಿ ಒಳ್ಳೆಯ ಮಾತಾಡುವವರು ಇಬ್ಬರಾದರೂ ಇರಬೇಕು.

ಪ್ರಶ್ನೆ: ನಾನು ಅಹಮದಾಬಾದಿನ ಕಾಲೇಜೊಂದರಲ್ಲಿ ಫುಟ್‌ಬಾಲ್ ಕೋಚ್. ಮಧ್ಯದಲ್ಲಿ ಬಿಟ್ಟುಹೋಗುವ ಹುಡುಗರ ಟಿ.ಸಿ. ತಡೆಹಿಡಿಸಬಹುದೇ?

ಉತ್ತರ: ಬೇಡ ಸರ್. ಟಿ.ಸಿ. ಓದಿಗೆ ಸೇರಿದ್ದು, ಆಟದ ಸಿಟ್ಟಿಗೆ ಅದನ್ನು ಒತ್ತೆಯಿಡಬಾರದು. ಹುಡುಗರು ಹೋಗುವ ಮೊದಲು ಸುಳಿವು ಕೊಟ್ಟೇ ಇರುತ್ತಾರೆ: ಅಭ್ಯಾಸಕ್ಕೆ ತಡವಾಗಿ ಬರುತ್ತಾರೆ, ಕಿಟ್ ಬ್ಯಾಗ್ ದೂರ ಇಟ್ಟು ಒಬ್ಬರೇ ಕೂರುತ್ತಾರೆ. ಅಂಥವನನ್ನು ಕರೆದು ಯಾಕೆ ಆಡಿಸುತ್ತಿಲ್ಲ ಎಂಬುದನ್ನು ನೇರವಾಗಿ ಹೇಳಿ. ಎಡಗಾಲಿನ ಪಾಸ್ ಸರಿಯಿಲ್ಲವೋ, ದಮ್ಮು ಸಾಲದೋ, ಏನಿದೆಯೋ ಅದನ್ನೇ. ಅಮೆರಿಕದವರು ನಿಯಮ ಸಡಿಲಿಸಿದ್ದೂ ಕೂತವರಿಗೆ ಆಟ ಸಿಗಲೆಂದೇ ಅಲ್ಲವೇ? ಮುಂದಿನ ಸ್ನೇಹಪಂದ್ಯದಲ್ಲಿ ಕೊನೆಯ ಇಪ್ಪತ್ತು ನಿಮಿಷ ಅವನನ್ನು ಇಳಿಸಿ, ಇಳಿಸುತ್ತೇನೆಂದು ಎರಡು ದಿನ ಮೊದಲೇ ಅವನಿಗೆ ತಿಳಿಸಿ.