ಲಾರಿಗಿಂತ ಮುಂಚೆ ಹೋಗಿ

ಮದುವೆ, ತಿಥಿ, ಗೃಹಪ್ರವೇಶಕ್ಕೆ ಅಡುಗೆ ಒಪ್ಪಿಕೊಳ್ಳುವ ಕೆಲಸ ನನ್ನದು. ಮನೆ ಚಾಮರಾಜನಗರದಲ್ಲಿ, ಸಾಮಾನು ತರುವುದು ಇಲ್ಲಿಂದ ಮತ್ತು ಗುಂಡ್ಲುಪೇಟೆಯಿಂದ. ವರ್ಗವಾಗಿ ಬಂದ ಮನೆಯವರು ‘ಯಾವ ಅಂಗಡಿ ಒಳ್ಳೇದು ಅಕ್ಕ?’ ಅನ್ನುತ್ತಾರೆ. ಅಂಗಡಿಗಿಂತ ಹೊತ್ತು ನೋಡಿಕೊಳ್ಳಿ ಅನ್ನುತ್ತೇನೆ.

1. ತರಕಾರಿಗೆ ಗುಂಡ್ಲುಪೇಟೆ, ತೆರಕಣಾಂಬಿ. ಆ ಕಡೆಯ ಟೊಮೆಟೊ, ಬೀನ್ಸ್, ಸಣ್ಣ ಈರುಳ್ಳಿ, ನೇಂದ್ರಬಾಳೆಗೆ ದೊಡ್ಡ ಗಿರಾಕಿ ಕೇರಳ. ಅಲ್ಲಿಗೆ ಹೋಗುವ ಬಂಡೀಪುರದ ಕಾಡುರಸ್ತೆಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಂಚಾರ ಬಂದ್. ಒಂಬತ್ತರೊಳಗೆ ಕಾಡು ಸೇರಬೇಕಾದ ಲಾರಿಗೆ ಮಾಲು ತುಂಬಲು ಶುರುವಾಯಿತೆಂದರೆ, ಐದು ಕೆಜಿ ಕೇಳುವವರ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಒಂದು ಶ್ರಾವಣದಲ್ಲಿ ಓಣಂ ಹತ್ತಿರವಿದೆ ಅನ್ನುವುದನ್ನು ಮರೆತು ಮಧ್ಯಾಹ್ನ ಹೋದೆ. ಬೀನ್ಸ್ ಮೂಟೆಗಳೆಲ್ಲ ಲಾರಿ ಮೇಲೆ. ಕೆಳಗೆ ಉಳಿದಿದ್ದದ್ದು ಬಲಿತು ನಾರಾದ ಕಾಯಿ. ಮಾರನೇ ದಿನ ಇನ್ನೂರು ಎಲೆಗೆ ಬೀನ್ಸ್ ಪಲ್ಯ ಒಪ್ಪಿಕೊಂಡಿದ್ದವಳು ಎಲೆಕೋಸಿನ ಪಲ್ಯ ಬಡಿಸಿದೆ. ಮನೆಯ ಹಿರಿಯರು ಏನೂ ಅನ್ನಲಿಲ್ಲ. ಆ ಪಂಕ್ತಿ ನೆನೆದರೆ ನನಗೆ ಇವತ್ತಿಗೂ ಸಂಕಟ. ಈಗ ಕ್ಯಾಲೆಂಡರಿನಲ್ಲಿ ಗೌರಿ ಹಬ್ಬದ ಜೊತೆ ಓಣಮ್ಮಿಗೂ ಗುರುತು ಹಾಕಿಕೊಳ್ಳುತ್ತೇನೆ.

2. ಹೂವಿಗೆ ಚಾಮರಾಜನಗರದ ಪಕ್ಕದ ಚೆನ್ನೀಪುರದಮೋಳೆ. ಬಿಡಿ ಹೂ, ಕೆಜಿ ಲೆಕ್ಕ. ಆಷಾಢದಲ್ಲಿ ದರ ಇಳಿದಿರುತ್ತದೆ, ವರಮಹಾಲಕ್ಷ್ಮಿ ಮುನ್ನಾದಿನ ಕೈಗೆ ಸಿಗುವುದಿಲ್ಲ. ಕನಕಾಂಬರ ಬೇಗ ಬಾಡದು, ಎರಡು ದಿನ ಮೊದಲೇ ತನ್ನಿ. ಮಲ್ಲಿಗೆಯನ್ನು ಮಾತ್ರ ಅವತ್ತೇ, ಮೊಗ್ಗಿದ್ದಾಗಲೇ ತರಬೇಕು. ಗುಂಡ್ಲುಪೇಟೆ ಹೆದ್ದಾರಿ ಬದಿಯ ಚೆಂಡು ಹೂವಿನ ಹೊಲ ಕಂಡು ಕೆಲವರು ಕಾರು ನಿಲ್ಲಿಸಿ ಇಳಿಯುತ್ತಾರೆ. ಅದರಲ್ಲಿ ಬಹುಪಾಲು ಬಣ್ಣ ತೆಗೆಯುವ ಕಾರ್ಖಾನೆಗೆಂದು ಬೆಳೆದದ್ದು. ದಯವಿಟ್ಟು ಸಾಲು ತುಳಿಯಬೇಡಿ.

3. ಅರಿಶಿನವನ್ನು ಕೊಂಬಾಗಿಯೇ ಕೊಳ್ಳಿ. ನಮ್ಮ ಜಿಲ್ಲೆಯ ಅರಿಶಿನ ಹೆಚ್ಚಾಗಿ ಈರೋಡಿನ ಮಾರುಕಟ್ಟೆಗೆ ಹೋಗುತ್ತದೆ. ಬೆಳೆಯುವ ಊರಲ್ಲಿದ್ದು ಪೊಟ್ಟಣದ ಪುಡಿ ತರುವುದನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ಸಂಕ್ರಾಂತಿ ಕಳೆದ ಮೇಲೆ ಗೆಡ್ಡೆ ಕಿತ್ತು, ಬೇಯಿಸಿ, ಒಣಗಿಸುತ್ತಾರೆ. ಯುಗಾದಿ ಆಸುಪಾಸಿನಲ್ಲಿ ಬೆಳೆದವರ ಹತ್ತಿರವೇ ಕೇಳಿ. ಒಂದು ಕೊಂಬು ಮುರಿದು ನೋಡಿ. ಚೆನ್ನಾಗಿ ಒಣಗಿದ್ದು ಟಣ್ಣನೆ ಮುರಿಯುತ್ತದೆ, ಮುರಿದ ಜಾಗ ಕಿತ್ತಳೆ ಬಣ್ಣದಲ್ಲಿ ಹೊಳೆಯುತ್ತದೆ. ಬಗ್ಗಿತೆಂದರೆ ಒಳಗೆ ಪಸೆಯಿದೆ, ಮಳೆಗಾಲಕ್ಕೆ ಬೂಷ್ಟು ಹಿಡಿಯುತ್ತದೆ.

4. ದಿನಸಿ, ಪಾತ್ರೆ, ಬಟ್ಟೆಗೆ ಚಾಮರಾಜನಗರದ ದೊಡ್ಡಂಗಡಿ ಬೀದಿ, ಚಿಕ್ಕಂಗಡಿ ಬೀದಿ. ತಾಳವಾಡಿ ತಮಿಳುನಾಡಿಗೆ ಸೇರಿದ್ದರೂ ಅಲ್ಲಿನ ಕನ್ನಡದವರಿಗೆ ಪೇಟೆ ಅಂದರೆ ಇದೇ. ಅಲ್ಲಿನ ಬಸ್ಸುಗಳು ಬರುವ ಮುಂಚೆ ಹೋದರೆ ಅಂಗಡಿಯವರು ಬೇಳೆಯನ್ನು ಅಂಗೈಗೆ ಹಾಕಿ ತೋರಿಸುತ್ತಾರೆ.

5. ಜೇನು, ಸೀಗೆಕಾಯಿ ಬೇಕಾದರೆ ಬಿಳಿಗಿರಿರಂಗನ ಬೆಟ್ಟದ ಸೋಲಿಗ ಗಿರಿಜನರ ಸಹಕಾರ ಸಂಘ, ಲ್ಯಾಂಪ್ಸ್ ಸೊಸೈಟಿ.

6. ಅವರೆಕಾಯಿಗೆ ಅಂಗಡಿಯೇ ಬೇಡ. ಚಳಿಗಾಲದಲ್ಲಿ ಹಳ್ಳಿಯ ಹೆಂಗಸರು ಮೊದಲ ಬಸ್ಸಿಗೆ ಚೀಲ ತಂದು ರಸ್ತೆ ಬದಿಯಲ್ಲಿ ಸುರಿದು ಕೂರುತ್ತಾರೆ. ಅವರ ಹತ್ತಿರ ಚೌಕಾಸಿ ಮಾಡಬೇಡಿ. ನಾನು ಮಾಡುವುದು ಬಿಟ್ಟು ಎಷ್ಟೋ ವರ್ಷವಾಯಿತು. ಒಂದು ಕಾಯಿ ತೆಗೆದು ಉಜ್ಜಿ ನೋಡಿ, ಬೆರಳಿಗೆ ಜಿಡ್ಡು ಅಂಟಿ ಸೊಗಡು ಮೂಗಿಗೆ ಬಡಿಯಬೇಕು. ಹೋದ ಪುಷ್ಯದಲ್ಲಿ ಒಬ್ಬಾಕೆ ನನ್ನ ಚೀಲಕ್ಕೆ ಇನ್ನೊಂದು ಹಿಡಿ ಹಾಕುತ್ತಾ ಅಂದಳು: “ಇಬ್ಬನಿ ಆರೋಕ್ ಮುಂಚೆ ಕುಯ್ದದ್ದು ಕನವ್ವ. ಬಿಸ್ಲು ಏರೋದ್ರೊಳ್ಗೆ ಸುಲ್ದು ಒಲೆ ಮೇಲಿಡು, ಸೊಗಡು ಹೊಂಟೋಯ್ತದೆ.”